ಮೊದಲು ಪ್ರಿಂಟಿನ ಅಳತೆ, ಆಮೇಲೆ ಕ್ಯಾಮೆರಾ: ಮೈಸೂರು, ಮಂಡ್ಯದ ಹವ್ಯಾಸಿ ಛಾಯಾಗ್ರಾಹಕರಿಗೆ

ಛಾಯಾಗ್ರಹಣದ ಗೀಳು ಹೊಸದಾಗಿ ಹತ್ತಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ ‘ಯಾವ ಕ್ಯಾಮೆರಾ ತಗೊಳ್ಳಲಿ ಸಾರ್?’ ಎಂಬುದು. ‘ತೆಗೆದ ಫೋಟೋವನ್ನು ಎಷ್ಟು ದೊಡ್ಡದಾಗಿ, ಯಾವ ಗೋಡೆಯ ಮೇಲೆ ನೋಡಬೇಕೆಂದಿದ್ದೀರಿ?’ ಎಂದು ನಾನು ತಿರುಗಿ ಕೇಳುತ್ತೇನೆ. ಹೆಚ್ಚಿನವರು ಇದನ್ನು ತಮಾಷೆ ಎಂದುಕೊಳ್ಳುತ್ತಾರೆ. ಆದರೆ ಮೊಬೈಲ್ ಪರದೆಯಲ್ಲಷ್ಟೇ ನೋಡುವುದಾದರೆ ಜೇಬಿನಲ್ಲಿರುವ ಫೋನೇ ಸಾಕು. ನಡುಮನೆಯ ಗೋಡೆಗೆ 12×18 ಇಂಚಿನ ಪ್ರಿಂಟು ತೂಗುಹಾಕಬೇಕೆಂದಾದರೆ ಕ್ಯಾಮೆರಾ, ಲೆನ್ಸು, ಕಂಪ್ಯೂಟರಿನ ಪರದೆ, ತಂತ್ರಾಂಶ, ಕಾಗದ, ಶಾಯಿ ಎಲ್ಲವೂ ಆ ಅಳತೆಗೆ ತಕ್ಕಂತೆ ಒಂದೊಂದಾಗಿ ತೀರ್ಮಾನವಾಗುತ್ತ ಹೋಗುತ್ತವೆ. ಮೊದಲು ಕ್ಯಾಮೆರಾ ಕೊಂಡು ಆಮೇಲೆ ಉಳಿದದ್ದನ್ನು ಯೋಚಿಸಿದವರ ದುಡ್ಡು ಎಲ್ಲಿ ಹೋಯಿತೆಂದು ಅವರಿಗೇ ತಿಳಿಯುವುದಿಲ್ಲ. ನಾನೂ ಹಾಗೆ ಕಳೆದುಕೊಂಡವನೇ.

ಅಳತೆಯ ಲೆಕ್ಕ

ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಕಣ್ಣಿಗೆ ಯಾವ ಕೊರತೆಯೂ ಕಾಣುವುದಿಲ್ಲ. ನಾಲ್ಕಡಿ ದೂರದಿಂದ ನೋಡುವ ಗೋಡೆಯ ಪ್ರಿಂಟಿಗೆ 200 ಸಾಕು. ಈ ಎರಡು ಸಂಖ್ಯೆಗಳನ್ನು ಇಟ್ಟುಕೊಂಡು ಗುಣಿಸಿದರೆ, 8×12 ಇಂಚಿನ ಪ್ರಿಂಟಿಗೆ 2400×3600 ಪಿಕ್ಸೆಲ್, ಅಂದರೆ ಒಂಬತ್ತು ಮೆಗಾಪಿಕ್ಸೆಲಿಗೂ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಪಿಕ್ಸೆಲ್) ತುಸು ಕಡಿಮೆ ಬೇಕಾಗುತ್ತದೆ. ಅದೇ ಕಡತ 200ರ ಲೆಕ್ಕದಲ್ಲಿ ಗೋಡೆಯ ಮೇಲೆ 12×18 ಇಂಚು ತುಂಬುತ್ತದೆ. ಈಗ ಎಲ್ಲ ಕಡೆ ಸಿಗುವ 24 ಮೆಗಾಪಿಕ್ಸೆಲಿನ ಸಾಧಾರಣ ಕ್ಯಾಮೆರಾ 6000×4000 ಪಿಕ್ಸೆಲಿನ ಚಿತ್ರ ಕೊಡುತ್ತದೆ. ಅದರಲ್ಲಿ ಉದ್ದಗಲಗಳನ್ನು ಅರ್ಧಕ್ಕೆ ಕತ್ತರಿಸಿ ದೂರದ ಕೊಕ್ಕರೆಯೊಂದನ್ನಷ್ಟೇ ಉಳಿಸಿಕೊಂಡರೂ 3000×2000 ಉಳಿಯುತ್ತದೆ. 8×12ರ ಪ್ರಿಂಟಿಗೆ ಇಂಚಿಗೆ 250 ಪಿಕ್ಸೆಲ್ ದಕ್ಕುತ್ತದೆ. ಹಾಗಿರುವಾಗ 45 ಮೆಗಾಪಿಕ್ಸೆಲಿನ ಕ್ಯಾಮೆರಾಕ್ಕೆ ಸಾಲ ಮಾಡುವ ಹವ್ಯಾಸಿಗೆ ಏನು ಹೇಳುವುದು?

ಅಳತೆಯ ಜೊತೆಗೆ ಆಕಾರವನ್ನೂ ಗಮನಿಸಬೇಕು. ಹೆಚ್ಚಿನ ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿರುವ) ಮತ್ತು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಚಿತ್ರ 3:2ರ ಅನುಪಾತದಲ್ಲಿರುತ್ತದೆ. ಅದು 4×6, 8×12, 12×18ರ ಕಾಗದಗಳಲ್ಲಿ ಪೂರ್ತಿ ಕೂರುತ್ತದೆ. 8×10ರಲ್ಲಿ ಮುದ್ರಿಸಿದರೆ ಎರಡು ಇಂಚು ಕಳೆದುಹೋಗುತ್ತದೆ, ಎ4 ಹಾಳೆಯನ್ನು ಅಂಚಿನವರೆಗೂ ತುಂಬಿಸಿದರೆ ಉದ್ದದಲ್ಲಿ ಸುಮಾರು 18 ಮಿಲಿಮೀಟರಿನಷ್ಟು ಕತ್ತರಿಗೆ ಬೀಳುತ್ತದೆ. ಗೋಪುರದ ಕಳಸ ಅಂಚಿಗೆ ತಾಗುವಂತೆ ಚಿತ್ರ ತೆಗೆದವರಿಗೆ ಇದು ಅರ್ಥವಾಗುವುದು ಪ್ರಿಂಟು ಕೈಗೆ ಬಂದ ಮೇಲೆಯೇ; ಆದ್ದರಿಂದ ತೆಗೆಯುವಾಗಲೇ ನಾಲ್ಕೂ ಕಡೆ ಸ್ವಲ್ಪ ಜಾಗ ಬಿಡುವ ಅಭ್ಯಾಸ ಒಳ್ಳೆಯದು.

ಲೆನ್ಸು ಮುಖ್ಯ, ಬಾಡಿ ಆಮೇಲೆ

ಇರುವ ಹಣದಲ್ಲಿ ದೊಡ್ಡ ಪಾಲು ಲೆನ್ಸಿಗೆ ಹೋಗಬೇಕು. ಬಾಡಿ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ, ಐದಾರು ವರ್ಷಕ್ಕೆ ಹಳೆಯದಾಗುತ್ತದೆ, ಒಳ್ಳೆಯ ಲೆನ್ಸು ಇಪ್ಪತ್ತು ವರ್ಷ ಬಾಳುತ್ತದೆ. ಯಾವ ಲೆನ್ಸು ಎಂಬುದನ್ನು ನಿಮ್ಮ ಭಾನುವಾರಗಳು ಎಲ್ಲಿ ಕಳೆಯುತ್ತವೆ ಎಂಬುದು ನಿರ್ಧರಿಸುತ್ತದೆ.

ಹಕ್ಕಿಗಳೇ ಆಸಕ್ತಿಯಾದರೆ ನಮ್ಮ ಭಾಗದವರು ಪುಣ್ಯವಂತರು. ರಂಗನತಿಟ್ಟಿನಲ್ಲಿ ದೋಣಿ ನಡುಗಡ್ಡೆಗಳ ಹತ್ತಿರಕ್ಕೇ ಹೋಗುವುದರಿಂದ 300 ಮಿಲಿಮೀಟರಿನ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಲೆನ್ಸಿನಲ್ಲೂ ಬಣ್ಣದ ಕೊಕ್ಕರೆಯ ಗೂಡು ಚೌಕಟ್ಟು ತುಂಬುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ, ಮನೆಗಳ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ 600 ಮಿಲಿಮೀಟರಿನ ಲೆನ್ಸು ಹಿಡಿದು ನಿಂತವರು ಹಿಂದಕ್ಕೆ ಹೆಜ್ಜೆ ಇಡುವುದನ್ನು ನೋಡಿದ್ದೇನೆ. ಎಪಿಎಸ್‌ಸಿ ಅಳತೆಯ ಸಣ್ಣ ಸೆನ್ಸರಿನ ಮೇಲೆ 300 ಮಿಲಿಮೀಟರಿನ ನೋಟ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿನ ಸುಮಾರು 450ಕ್ಕೆ ಸಮನಾಗಿರುವುದರಿಂದ, 55–250 ಅಥವಾ 70–300ರ ಸಾಧಾರಣ ಜೂಮ್ ಲೆನ್ಸು ಈ ಎರಡೂ ಜಾಗಗಳಿಗೆ ಸಾಲುತ್ತದೆ. ತೇಲುವ ದೋಣಿಯಲ್ಲಿ ಟ್ರೈಪಾಡಿನಿಂದ ಪ್ರಯೋಜನವಿಲ್ಲ. ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗಿಳಿಸದೆ, ಐಎಸ್‌ಓ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಏರಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಎಷ್ಟಾದರೂ ಏರಲಿ ಎಂದು ಬಿಡುವುದೇ ಸರಿ, ಏಕೆಂದರೆ ಅಲುಗಿದ ಚಿತ್ರವನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸಲಾರದು, ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು. ಮೇಲಾಗಿ ಪರದೆಯಲ್ಲಿ ಕಾಣುವ ಕಾಳಿನಲ್ಲಿ ಅರ್ಧದಷ್ಟು ಪ್ರಿಂಟಿನಲ್ಲಿ ಕಾಣುವುದೇ ಇಲ್ಲ.

ದೇವಾಲಯಗಳ ಆಸಕ್ತಿಯಿದ್ದರೆ ಲೆಕ್ಕ ಬೇರೆ. ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಕೆತ್ತನೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ಮಧ್ಯಾಹ್ನ ಚಪ್ಪಟೆಯಾಗುತ್ತದೆ. ಒಳಗಿನ ಕತ್ತಲಲ್ಲಿ ಭುವನೇಶ್ವರಿಯನ್ನು (ಕೆತ್ತನೆಯ ಒಳಛಾವಣಿಯನ್ನು) ತೆಗೆಯಲು ಟ್ರೈಪಾಡ್ ಹೂಡೋಣವೆಂದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಆದ್ದರಿಂದ ಕೈಯಲ್ಲೇ ಹಿಡಿದು ತೆಗೆಯಬಲ್ಲ, ಎಫ್ 1.8ರ ದೊಡ್ಡ ದ್ವಾರವಿರುವ 35 ಮಿಲಿಮೀಟರಿನ ಲೆನ್ಸು ಇಲ್ಲಿ ಜೂಮಿಗಿಂತ ಹೆಚ್ಚು ಉಪಕಾರಿ. ನನ್ನನ್ನು ಒಂದೇ ಲೆನ್ಸು ಇಟ್ಟುಕೋ ಎಂದರೆ ಅದನ್ನೇ ಇಟ್ಟುಕೊಳ್ಳುತ್ತೇನೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೂ, ಮಂಡ್ಯದ ಆಲೆಮನೆಯ ಕೊಪ್ಪರಿಗೆಯ ಹಬೆಗೂ ಅದು ಹೊಂದುತ್ತದೆ.

ಟ್ರೈಪಾಡ್ ನಿಜವಾಗಿ ಬೇಕಾಗುವುದು ಅರಮನೆಯ ಮುಂದೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಂದು ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹತ್ತಿಕೊಳ್ಳುತ್ತವೆ. ನವೆಂಬರಿನಲ್ಲಿ ಸೂರ್ಯ 6ಕ್ಕೆ ಮೊದಲೇ ಮುಳುಗಿ, ದೀಪ ಹತ್ತುವ ಹೊತ್ತಿಗೆ ಆಕಾಶ ಕರ್ರಗಾಗಿರುತ್ತದೆ. ಮೇ ತಿಂಗಳಲ್ಲಿ ಸೂರ್ಯಾಸ್ತ 6.40ರ ಆಸುಪಾಸಿನಲ್ಲಿ ಆಗುವುದರಿಂದ, ಮಳೆಮೋಡವಿಲ್ಲದಿದ್ದರೆ, ದೀಪ ಹತ್ತಿದ ಮೇಲೂ ಹತ್ತು ನಿಮಿಷ ಗುಮ್ಮಟಗಳ ಹಿಂದೆ ಗಾಢ ನೀಲಿ ಉಳಿದಿರುತ್ತದೆ. ಆ ಹತ್ತು ನಿಮಿಷದ ಚಿತ್ರಕ್ಕೂ ಕರಿ ಆಕಾಶದ ಚಿತ್ರಕ್ಕೂ ಪ್ರಿಂಟಿನಲ್ಲಿ ಅಜಗಜಾಂತರವಿರುತ್ತದೆ, ಕಾಗದದ ಮೇಲೆ ದೊಡ್ಡ ಕಪ್ಪು ಭಾಗ ಸತ್ತಂತೆ ಕಾಣುತ್ತದೆ.

ಹಳೆಯದನ್ನು ಕೊಳ್ಳುವಾಗ

ಮದುವೆ ಫೋಟೋಗ್ರಾಫರುಗಳು ಮಿರರ್‌ಲೆಸ್ಸಿಗೆ ಬದಲಾಗುತ್ತಿರುವುದರಿಂದ ಹಳೆಯ ಡಿಎಸ್ಎಲ್ಆರ್‌ಗಳು ಈಗ ಅಗ್ಗಕ್ಕೆ ಸಿಗುತ್ತಿವೆ. ನಿಕಾನ್ ಡಿ7200, ಕ್ಯಾನನ್ 80ಡಿ ಮೊದಲಾದ ಬಾಡಿಗಳು ಹವ್ಯಾಸಿಗೆ ಇಂದಿಗೂ ಧಾರಾಳ. ಮದುವೆಯ ಕ್ಯಾಮೆರಾ ಒಂದು ಋತುವಿಗೇ ಸಾವಿರಾರು ಬಾರಿ ಕ್ಲಿಕ್ಕಾಗಿರುತ್ತದೆಯಾದ್ದರಿಂದ ಶಟರ್ ಎಣಿಕೆ ಕೇಳಬೇಕು. ಡಿ7200ರ ಶಟರನ್ನು 1.5 ಲಕ್ಷ ಬಾರಿಗೆ, 80ಡಿಯದನ್ನು 1 ಲಕ್ಷ ಬಾರಿಗೆ ಪರೀಕ್ಷಿಸಿರುತ್ತಾರೆ. ನಿಕಾನಿನ ಹಳೆಯ, ತಮ್ಮೊಳಗೆ ಫೋಕಸ್ ಮೋಟಾರ್ ಇಲ್ಲದ ಎಎಫ್–ಡಿ ಲೆನ್ಸುಗಳು ಅಗ್ಗವೆಂದು ಕೊಳ್ಳುವವರು ಒಂದು ವಿಷಯ ನೆನಪಿಡಬೇಕು: ಡಿ3000, ಡಿ5000 ಸರಣಿಯ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ, ಅವುಗಳ ಮೇಲೆ ಈ ಲೆನ್ಸುಗಳನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ.

ಲೆನ್ಸಿನಲ್ಲಿ ನೋಡಬೇಕಾದದ್ದು ಫಂಗಸ್, ಅಂದರೆ ಬೂಷ್ಟು. ಲೆನ್ಸಿನ ಹಿಂದಿನ ಮುಚ್ಚಳ ತೆಗೆದು, ಒಂದು ತುದಿಯಿಂದ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಇನ್ನೊಂದು ತುದಿಯಿಂದ ನೋಡಬೇಕು. ಧೂಳಿನ ಚುಕ್ಕೆಗಳು ನಾಲ್ಕಾರು ಕಂಡರೆ ಚಿಂತೆಯಿಲ್ಲ, ಅವು ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯಂತೆ ಕವಲೊಡೆದ ಸಣ್ಣ ಎಳೆಗಳು ಗಾಜಿನ ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ ಎಷ್ಟೇ ಅಗ್ಗವಾದರೂ ವಾಪಸ್ಸು ಕೊಟ್ಟು ಎದ್ದುಬರುವುದು ಮೇಲು.

ಕೊಂಡ ಮೇಲೂ ಈ ಭಯ ಹೋಗುವುದಿಲ್ಲ. ನನ್ನ 55–250ರ ಲೆನ್ಸನ್ನು ಬ್ಯಾಗಿನ ಸಮೇತ ಮರದ ಬೀರುವಿನ ಕೆಳಗಿನ ಅರೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕದಲ್ಲಿ ಭದ್ರವಾಗಿಟ್ಟಿದ್ದೆ. ಸೀರೆಗಳು ನುಸಿಗುಳಿಗೆಯ ಕೃಪೆಯಿಂದ ಚೆನ್ನಾಗಿಯೇ ಉಳಿದವು. ದಸರಾ ಹೊತ್ತಿನ ಮಳೆ ಮುಗಿದ ಮೇಲೆ ಲೆನ್ಸು ತೆಗೆದು ನೋಡಿದಾಗ ಮುಂದಿನ ಗಾಜಿನ ಹಿಂಬದಿಯಲ್ಲಿ ಬಿಳಿಯ ಕವಲುಗಳು ಮೂಡಿದ್ದವು. ಕ್ಯಾಮೆರಾ ಬ್ಯಾಗಿನ ಸ್ಪಂಜು ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ ಎಂಬುದು ಆಗ ತಿಳಿಯಿತು. ತೇವ ನಿಯಂತ್ರಿಸುವ ಡ್ರೈ ಕ್ಯಾಬಿನೆಟ್ಟನ್ನು ಕೊಳ್ಳಲಾಗದಿದ್ದರೆ ಅಡುಗೆಮನೆಗೆ ತರುವ, ರಬ್ಬರು ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಸಣ್ಣ ಮಾಪಕವೊಂದನ್ನು ಇಟ್ಟು, ಮುಳ್ಳು 40ರಿಂದ 50 ಪ್ರತಿಶತದ ನಡುವೆ ನಿಲ್ಲುವಂತೆ ನೋಡಿಕೊಳ್ಳಬೇಕು. ಕಿತ್ತಳೆ ಬಣ್ಣದ ಜೆಲ್ ಹಸಿರಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮಾತ್ರ ಅಡುಗೆಗೆ ಸೇರಿಸಬಾರದು.

ತಂತ್ರಾಂಶ

ಪ್ರಿಂಟೇ ಗುರಿಯಾದವರು ಜೆಪೆಗ್ ಬಿಟ್ಟು ಸೆನ್ಸರು ಹಿಡಿದದ್ದನ್ನು ಹಾಗೆಯೇ ಇಡುವ ರಾ ಕಡತದಲ್ಲಿ ತೆಗೆಯಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ 14 ಬಿಟ್ಟಿನ ರಾ ಕಡತದಲ್ಲಿ 16,384 ಇರುತ್ತವೆ. ಅರಮನೆಯ ಬಲ್ಬುಗಳ ಹಳದಿಯನ್ನು ಸ್ವಲ್ಪ ತಗ್ಗಿಸಿ, ಕಂಬಗಳ ನಡುವಿನ ನೆರಳನ್ನು ಎತ್ತಿದಾಗ ಜೆಪೆಗ್‌ನ ಆಕಾಶದಲ್ಲಿ ಪಟ್ಟೆಪಟ್ಟೆಗಳು ಮೂಡುವುದು ಈ ಕಾರಣಕ್ಕೆ. (ಹಳದಿಯನ್ನು ಪೂರ್ತಿ ತೆಗೆದು ಬಲ್ಬುಗಳನ್ನು ಬೆಳ್ಳಗೆ ಮಾಡುವವರೂ ಇದ್ದಾರೆ. ಅದು ಅರಮನೆಯಂತೆ ಕಾಣದೆ ಜವಳಿ ಅಂಗಡಿಯಂತೆ ಕಾಣುತ್ತದೆ.)

ಅಡೋಬಿ ಲೈಟ್‌ರೂಮ್ ಒಳ್ಳೆಯ ತಂತ್ರಾಂಶವೇ, ಆದರೆ ಅದು ಬಾಡಿಗೆ ಮನೆಯಿದ್ದಂತೆ. ಚಂದಾ ನಿಲ್ಲಿಸಿದ ದಿನ ಚಿತ್ರಗಳು ಉಳಿಯುತ್ತವೆ, ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್ ವಿಭಾಗ ಮುಚ್ಚಿಕೊಳ್ಳುತ್ತದೆ. ತಿಂಗಳಿಗೆ ಹತ್ತು ಚಿತ್ರ ತಿದ್ದುವ ಹವ್ಯಾಸಿ ಮೊದಲು ಕ್ಯಾಮೆರಾ ಕಂಪನಿಯೇ ಉಚಿತವಾಗಿ ಕೊಡುವ ನಿಕಾನ್ ಎನ್ಎಕ್ಸ್ ಸ್ಟುಡಿಯೋ ಅಥವಾ ಕ್ಯಾನನ್ನಿನ ಡಿಜಿಟಲ್ ಫೋಟೋ ಪ್ರೊಫೆಷನಲ್ ಬಳಸಿ ನೋಡಬೇಕು. ಅದರಿಂದ ಮುಂದಕ್ಕೆ ಹೋಗಬಯಸುವವರಿಗೆ ಡಾರ್ಕ್‌ಟೇಬಲ್ ಮತ್ತು ರಾ ಥೆರಪಿ ಇವೆ. ಎರಡೂ ಮುಕ್ತ ತಂತ್ರಾಂಶಗಳು, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ನಡೆಯುತ್ತವೆ. ಡಾರ್ಕ್‌ಟೇಬಲ್ ತೆರೆದ ಕೂಡಲೇ ಕಾಣುವ ಗುಂಡಿಗಳ ಸಂತೆಗೆ ಹೆದರಬೇಕಾಗಿಲ್ಲ. ಎಕ್ಸ್‌ಪೋಷರ್, ಬಣ್ಣದ ಹೊಂದಾಣಿಕೆ, ಬೆಳಕು ನೆರಳುಗಳನ್ನು ಹದಗೊಳಿಸುವ ಸಿಗ್‌ಮಾಯ್ಡ್, ಕಾಳು ತೆಗೆಯುವ ಡಿನಾಯ್ಸ್, ಲೆನ್ಸಿನ ದೋಷ ತಿದ್ದುವಿಕೆ, ಕತ್ತರಿಸುವಿಕೆ ಎಂಬ ಆರನ್ನು ಕಲಿತು ಉಳಿದುದನ್ನು ಒಂದು ವರ್ಷ ಮುಟ್ಟದಿದ್ದರೂ ನಷ್ಟವಿಲ್ಲ. ಕಂಪ್ಯೂಟರಿಗೆ 16 ಜಿಬಿ ರ್ಯಾಮ್ ಮತ್ತು ಎಸ್ಎಸ್‌ಡಿ ಇರಲಿ. ಚಿತ್ರಗಳ ಪ್ರತಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿರಲಿ, ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಪ್ರಿಂಟು ಕಪ್ಪಾಗಿ ಬರುವುದೇಕೆ?

ಮೊದಲ ಪ್ರಿಂಟು ಕೈಗೆ ಬಂದಾಗ ನೂರಕ್ಕೆ ತೊಂಬತ್ತು ಮಂದಿಯ ದೂರು ಇದೊಂದೇ. ಇದರಲ್ಲಿ ಪ್ರಿಂಟರಿನ ತಪ್ಪು ಸಾಮಾನ್ಯವಾಗಿ ಏನೂ ಇರುವುದಿಲ್ಲ, ಲ್ಯಾಪ್‌ಟಾಪಿನ ಪರದೆ ಅತಿಯಾಗಿ ಬೆಳಗುತ್ತಿರುತ್ತದೆ. ಪರದೆ ತಾನೇ ಬೆಳಕು ಚೆಲ್ಲುತ್ತದೆ, ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಡೇಟಾಕಲರ್ ಕಂಪನಿಯ ಸ್ಪೈಡರ್ ಅಥವಾ ಕ್ಯಾಲಿಬ್ರೈಟ್ ಕಂಪನಿಯ ಸಾಧನದಿಂದ ಪರದೆಯನ್ನು ಹೊಂದಿಸುವುದು ಸರಿಯಾದ ಕ್ರಮ. ಅದನ್ನು ನಾಲ್ವರು ಸ್ನೇಹಿತರು ಸೇರಿ ಕೊಂಡರೂ ಆಗುತ್ತದೆ, ಏಕೆಂದರೆ ಒಬ್ಬರಿಗೆ ಅದು ತಿಂಗಳಿಗೊಮ್ಮೆ ಹತ್ತು ನಿಮಿಷ ಬೇಕಾಗುವ ವಸ್ತು. ಅದಿಲ್ಲದವರು ಕೋಣೆಯ ದೀಪದಡಿ ಪರದೆಯ ಪಕ್ಕದಲ್ಲಿ ಬಿಳಿ ಹಾಳೆಯೊಂದನ್ನು ಹಿಡಿದು, ಪರದೆಯ ಮೇಲೆ ಖಾಲಿ ಬಿಳಿ ಪುಟ ತೆರೆದು, ಎರಡರ ಬಿಳುಪೂ ಒಂದೇ ಎನ್ನಿಸುವವರೆಗೆ ಪರದೆಯ ಬೆಳಕನ್ನು ಇಳಿಸಬೇಕು. ಮೊದಲೆರಡು ದಿನ ಪರದೆ ಮಂಕಾಯಿತೆನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಆಮೇಲೂ ಅನುಮಾನವಿದ್ದರೆ ಒಂದೇ ಎ4 ಹಾಳೆಯಲ್ಲಿ ಅದೇ ಚಿತ್ರದ ನಾಲ್ಕು ಸಣ್ಣ ಪ್ರತಿಗಳನ್ನು ಇಡಿ: ಮೊದಲನೆಯದು ಇದ್ದಂತೆ, ಉಳಿದವು ಸ್ಟಾಪಿನ (ಒಂದು ಸ್ಟಾಪೆಂದರೆ ಬೆಳಕು ಎರಡರಷ್ಟಾಗುವುದು) ಮೂರನೇ ಒಂದು ಭಾಗದಷ್ಟು ಒಂದಕ್ಕಿಂತ ಒಂದು ಹೆಚ್ಚು ಬೆಳಕಿನವು. ಹಾಳೆಯನ್ನು ಮುದ್ರಿಸಿ, ಪ್ರಿಂಟು ಕೊನೆಗೆ ತೂಗಬೇಕಾದ ಗೋಡೆಯ ಮೇಲೇ, ಅಲ್ಲಿಯ ಟ್ಯೂಬ್‌ಲೈಟಿನ ಬೆಳಕಿನಲ್ಲೇ ನೋಡಿ ಆರಿಸಬೇಕು. ಕಿಟಕಿಯ ಬಳಿ ಸರಿಯೆನ್ನಿಸಿದ್ದು ನಡುಮನೆಯಲ್ಲಿ ಕಪ್ಪಾಗುವುದುಂಟು.

ಲ್ಯಾಬೋ, ಸ್ವಂತ ಪ್ರಿಂಟರೋ?

ವರ್ಷಕ್ಕೆ ಇಪ್ಪತ್ತು ಪ್ರಿಂಟು ಹಾಕಿಸುವವರಿಗೆ ಸ್ವಂತ ಪ್ರಿಂಟರು ಖಂಡಿತ ಬೇಡ. ನಮ್ಮೂರುಗಳ ಕಲರ್ ಲ್ಯಾಬುಗಳು ಮದುವೆ ಆಲ್ಬಮ್ಮುಗಳಿಂದ ಬದುಕುವಂಥವು, ಯಂತ್ರಗಳು ಚೆನ್ನಾಗಿರುತ್ತವೆ, ಮುಖ ಬೆಳ್ಳಗೆ ಮಾಡುವ ಅಭ್ಯಾಸ ಮಾತ್ರ ಕೈಗಂಟಿಕೊಂಡಿರುತ್ತದೆ. ಕರೀಘಟ್ಟದ ಕೆಳಗಿನ ಗದ್ದೆಗಳ ಮೇಲೆ ಬೆಳಗಿನ ಮಂಜು ಕವಿದ ಚಿತ್ರವೊಂದನ್ನು ನಾನು ಒಂದು ಲ್ಯಾಬಿಗೆ ಕೊಟ್ಟಿದ್ದೆ. ಮಂಜು ಪೂರ್ತಿ ಮಾಯವಾಗಿ, ಪೈರು ಗಿಳಿಹಸಿರಾಗಿ ಬಂದಿತ್ತು. ‘ತುಂಬಾ ಡಲ್ ಇತ್ತು ಸಾರ್, ಬ್ರೈಟ್ ಮಾಡಿ ಕೊಟ್ಟಿದೀವಿ’ ಎಂದ ಹುಡುಗನ ಮುಖದಲ್ಲಿ ಉಪಕಾರ ಮಾಡಿದ ತೃಪ್ತಿ ಇತ್ತು, ಬೈಯಲು ಬಾಯಿ ಬರಲಿಲ್ಲ. ಅಂದಿನಿಂದ ರಸೀದಿಯ ಮೇಲೆಯೇ ‘ಕರೆಕ್ಷನ್ ಬೇಡ’ ಎಂದು ಬರೆಸುತ್ತೇನೆ. ಲ್ಯಾಬಿಗೆ ಕೊಡುವ ಕಡತ ಎಸ್‌ಆರ್‌ಜಿಬಿ ಬಣ್ಣದ ವ್ಯಾಪ್ತಿಯ ಜೆಪೆಗ್ ಆಗಿರಬೇಕು, ಅಳತೆ ಮುದ್ರಣದ ಇಂಚುಗಳಿಗೆ ಸರಿಯಾಗಿ ಕತ್ತರಿಸಿರಬೇಕು. ಮೊದಲು 4×6ರಲ್ಲಿ ಒಂದು ತೆಗೆಸಿ, ಒಪ್ಪಿದ ಮೇಲೆ ದೊಡ್ಡದಕ್ಕೆ ಹೇಳುವುದು ವಾಸಿ.

ವಾರಕ್ಕೆ ಎರಡು ಮೂರು ಮುದ್ರಿಸುವ ಉತ್ಸಾಹ ಇರುವವರು ಸ್ವಂತ ಪ್ರಿಂಟರಿನ ಯೋಚನೆ ಮಾಡಬಹುದು. ಮಕ್ಕಳ ಪ್ರಾಜೆಕ್ಟಿಗೆಂದು ತಂದ ನಾಲ್ಕು ಬಣ್ಣದ ಪ್ರಿಂಟರಿನಲ್ಲಿ ಆಕಾಶದ ತಿಳಿ ಭಾಗ ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಫೋಟೋಗೆಂದೇ ಬರುವ ಆರು ಬಣ್ಣದ ಟ್ಯಾಂಕ್ ಪ್ರಿಂಟರುಗಳಲ್ಲಿ ಎಪ್ಸನ್ ಎಲ್8050 ಎ4 ಅಳತೆಗೆ, ಎಲ್18050 ಎ3ಗಿಂತ ತುಸು ದೊಡ್ಡದಾದ 13×19 ಇಂಚಿನವರೆಗೆ ಮುದ್ರಿಸುತ್ತವೆ. ಕ್ಯಾನನ್ ಜಿ570 ಎ4ರದ್ದು, ಅದರಲ್ಲಿ ಕೆಂಪು ಮತ್ತು ಬೂದು ಶಾಯಿಗಳೂ ಇರುವುದರಿಂದ ಕಪ್ಪುಬಿಳುಪು ಪ್ರಿಂಟು ಹದವಾಗಿ ಬರುತ್ತದೆ. ಇವೆಲ್ಲ ಡೈ (ದ್ರವದಲ್ಲಿ ಕರಗಿದ ಬಣ್ಣದ) ಶಾಯಿಯವು: ಹೊಳಪು ಕಾಗದದ ಮೇಲೆ ಬಣ್ಣ ಮಿಂಚುತ್ತದೆ, ಬಿಸಿಲು ತಾಗುವ ಗೋಡೆಯ ಮೇಲೆ ಬೇಗ ಮಾಸುತ್ತದೆ. ಪಿಗ್ಮೆಂಟ್ (ಕರಗದ ಬಣ್ಣದ ಕಣಗಳಿರುವ) ಶಾಯಿಯ ಎಪ್ಸನ್ ಪಿ700, ಕ್ಯಾನನ್ ಪ್ರೊ–300 ದಶಕಗಳು ಬಾಳುವ ಪ್ರಿಂಟು ಕೊಡುತ್ತವೆ, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಅವುಗಳ ಕಪ್ಪಿಗೆ ಸಾಟಿಯಿಲ್ಲ. ಆದರೆ ಹತ್ತು ಕಾರ್ಟ್ರಿಜ್‌ಗಳನ್ನು ತುಂಬಿಸುತ್ತ ಕೂರುವ ಖರ್ಚು ಒಬ್ಬ ಹವ್ಯಾಸಿಗೆ ಭಾರವೆಂದೇ ನನ್ನ ಅಭಿಪ್ರಾಯ.

ಇಂಕ್‌ಜೆಟ್ ಪ್ರಿಂಟರಿನ ದೊಡ್ಡ ಶತ್ರು ಬಿಡುವು. ಹತ್ತಾರು ದಿನ ಸುಮ್ಮನಿಟ್ಟರೆ ಶಾಯಿ ಚಿಮ್ಮುವ ಹೆಡ್ಡಿನ, ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ ಚಿತ್ರದ ತುಂಬ ಅಡ್ಡಗೆರೆಗಳು ಬರುತ್ತವೆ, ತೊಳೆಯುವ ಹೆಡ್ ಕ್ಲೀನಿಂಗ್ ಆದೇಶ ಒಂದೊಂದು ಸಲವೂ ಒಂದಷ್ಟು ಶಾಯಿ ಕುಡಿಯುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣಗಳಿರುವ ಒಂದು ಸಣ್ಣ ಚಿತ್ರ ಮುದ್ರಿಸಿದರೆ ಇದು ತಪ್ಪುತ್ತದೆ. ಇನ್ನೊಂದು ವಿಷಯ ಹಳ್ಳಿಯ ಕಡೆಯವರಿಗೆ. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಿದಾಗ ಹೆಡ್ಡು ಮೂಲೆಗೆ ಸರಿದು ರಬ್ಬರು ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ಚಿನಿಂದ ಆರಿಸಿದರೆ ಅಥವಾ ಮುದ್ರಣದ ನಡುವೆ ಕರೆಂಟು ಹೋದರೆ ಅದು ಬಾಯಿ ತೆರೆದುಕೊಂಡು ನಡುದಾರಿಯಲ್ಲೇ ಒಣಗುತ್ತದೆ. ಕರೆಂಟು ಬಂದೊಡನೆ ಪ್ರಿಂಟರನ್ನು ಒಮ್ಮೆ ಹಾಕಿ, ಅದರ ಸದ್ದು ನಿಂತ ಮೇಲೆ ಗುಂಡಿಯಿಂದಲೇ ಆರಿಸಬೇಕು.

ಕಾಗದ ಮತ್ತು ಫ್ರೇಮು

ನಾಲ್ಕು ಕಂಪನಿಯ ಕಾಗದ ತಂದು ಗುಡ್ಡೆ ಹಾಕುವ ಬದಲು ಒಂದು ಲಸ್ಟರ್ (ಅರೆಹೊಳಪಿನದು), ಒಂದು ಮ್ಯಾಟ್ ಆರಿಸಿಕೊಂಡು, ಆ ಕಂಪನಿ ತನ್ನ ತಾಣದಲ್ಲಿ ನಿಮ್ಮ ಪ್ರಿಂಟರಿಗೆಂದು ಕೊಡುವ ಐಸಿಸಿ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಬರುತ್ತದೆಂದು ಹೇಳುವ ಕಡತ) ಇಳಿಸಿಕೊಳ್ಳಬೇಕು. ಡಾರ್ಕ್‌ಟೇಬಲ್ಲಿನ ಸಾಫ್ಟ್ ಪ್ರೂಫ್ ಗುಂಡಿ ಒತ್ತಿದರೆ ಆ ಕಾಗದದ ಮೇಲೆ ಬಣ್ಣ ಎಷ್ಟು ಇಳಿಯುತ್ತದೆಂದು ಮೊದಲೇ ತೋರಿಸುತ್ತದೆ. ಮಾರುಕಟ್ಟೆಯ ಚೆಂಡುಹೂವಿನ ಕೆನ್ನೆತ್ತರ ಕಿತ್ತಳೆ ಮ್ಯಾಟ್ ಕಾಗದದಲ್ಲಿ ಸೋಲುತ್ತದೆ, ಹೊಳಪಿನದರಲ್ಲಿ ಗೆಲ್ಲುತ್ತದೆ. ಸೋಮನಾಥಪುರದ ಕಲ್ಲಿಗೆ ಮ್ಯಾಟೇ ಸರಿ.

ಮುದ್ರಿಸಿದ ಹಾಳೆಯನ್ನು ಒಂದು ದಿನ ಬಿಡಿಯಾಗಿ ಒಣಗಲು ಬಿಟ್ಟು ಆಮೇಲೆ ಫ್ರೇಮಿಗೆ ಕೊಡಬೇಕು. ದೇವರ ಪಟಗಳಿಗೆ ಫ್ರೇಮು ಹಾಕುವ ಅಂಗಡಿಗಳಲ್ಲಿ ಚಿತ್ರವನ್ನು ನೇರ ಗಾಜಿಗೆ ಒತ್ತಿ, ಹಿಂದೆ ಹಾರ್ಡ್‌ಬೋರ್ಡು ಕೊಟ್ಟು ಮೊಳೆ ಹೊಡೆಯುತ್ತಾರೆ. ‘ಗ್ಯಾಪ್ ಬಿಟ್ರೆ ಧೂಳು ಒಳಗೆ ಹೋಗುತ್ತೆ ಸಾರ್’ ಎಂದು ಅವರು ಹೇಳುವುದೂ ಸುಳ್ಳಲ್ಲ. ಆದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಳಪಿನ ಮೇಲ್ಮೈ ಗಾಜಿಗೆ ಅಂಟಿಕೊಂಡು, ಬಿಡಿಸಲು ಹೋದರೆ ಚಿತ್ರದ ಚರ್ಮವೇ ಕಿತ್ತುಬರುತ್ತದೆ. ಗಾಜಿಗೂ ಪ್ರಿಂಟಿಗೂ ನಡುವೆ ಕಿಟಕಿಯಂತೆ ಕತ್ತರಿಸಿದ ಮೌಂಟ್ ಬೋರ್ಡು, ಸಾಧ್ಯವಾದರೆ ಆಮ್ಲರಹಿತವಾದದ್ದು, ಕೂರಿಸಲು ಕೇಳಿ. ಹಿಂದಿನ ಸಂದುಗಳಿಗೆ ಕಾಗದದ ಟೇಪು ಹಾಕಿಸಿದರೆ ಧೂಳಿನ ಆಕ್ಷೇಪಣೆಗೂ ಉತ್ತರ ಸಿಕ್ಕಂತಾಗುತ್ತದೆ. ಫ್ರೇಮಿಗೆ ಕೊಡುವ ಮೊದಲು ಪ್ರಿಂಟಿನ ಹಿಂಬದಿಯ ಅಂಚಿನಲ್ಲಿ, ಪೆನ್ನಿನಲ್ಲಲ್ಲ ಪೆನ್ಸಿಲಿನಲ್ಲಿ, ತೆಗೆದ ಜಾಗ, ತಾರೀಖು, ಕಾಗದದ ಹೆಸರು, ಎಷ್ಟು ಬೆಳಕು ಹೆಚ್ಚಿಸಿ ಮುದ್ರಿಸಿದ್ದು ಎಂಬುದನ್ನು ಬರೆದಿಡಿ. ಅದೇ ಚಿತ್ರವನ್ನು ನೆಂಟರೊಬ್ಬರು ತಮಗೂ ಬೇಕೆಂದು ಕೇಳಿದಾಗ ಮತ್ತೆ ನಾಲ್ಕು ಹಾಳೆ ಹಾಳುಮಾಡಬೇಕಾಗುವುದಿಲ್ಲ.